ನಾಲ್ಕನೇ ಬೆರಳು

ಪಿಟೀಲಕ್ಕ ಎಂದರೆ ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು. ನಾಲ್ಕು ಮಹಡಿ, ಹದಿನಾರು ಮನೆ, ಅಷ್ಟಕ್ಕೂ ಅವಳ ಅಭ್ಯಾಸವೇ ಗಡಿಯಾರ. ಬೆಳಗ್ಗೆ ಎಂಟಕ್ಕೆ ಸ್ವರ ಏರಿಸಿ ಇಳಿಸುವುದು ಶುರುವಾಯಿತೆಂದರೆ ಎರಡನೇ ಮಹಡಿಯ ಗುಮಾಸ್ತ ಎದ್ದು ಶೂ ಹುಡುಕುತ್ತಿದ್ದ. ಆಗಷ್ಟೇ ಪಾಳಿ ಮುಗಿಸಿ ಬಂದ ಕೆಳಗಿನ ಮನೆಯ ದಾದಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಿದ್ದಳು. ಒಂದೇ ಮಾತನ್ನು ಎಳೆದಾಡುವವರಿಗೆ ‘ಪಿಟೀಲು ಕುಯ್ಯಬೇಡ’ ಅನ್ನುವುದು ಲೋಕರೂಢಿ. ಈ ಕಟ್ಟಡದಲ್ಲಿ ಮಾತ್ರ ಹಾಗೆ ಅನ್ನುವ ಮೊದಲು ಜನ ಮೆಟ್ಟಿಲ ಕಡೆ ಒಮ್ಮೆ ನೋಡಿಕೊಳ್ಳುತ್ತಿದ್ದರು. ಕಿವಿಗೆ ಬಿದ್ದರೂ ಅವಳು ಬೇಜಾರು ಮಾಡಿಕೊಳ್ಳುವವಳಲ್ಲ. “ಕುಯ್ಯೋದಕ್ಕೇ ತಾನೇ ನನ್ನನ್ನ ಇಟ್ಟುಕೊಂಡಿರೋದು,” ಅಂತ ನಕ್ಕು ಮೇಲೆ ಹತ್ತುತ್ತಿದ್ದಳು.

ಊರಿನ ಸಂಗೀತಭವನದ ವಾದ್ಯವೃಂದದಲ್ಲಿ ಅವಳದು ಇಪ್ಪತ್ತೇಳು ವರ್ಷದ ನೌಕರಿ. ಎಂಬತ್ತು ಮಂದಿ ವಾದಕರಲ್ಲಿ ಮೊದಲ ಪಿಟೀಲಿನವರು ಹದಿನಾರು ಜನ. ಇಬ್ಬಿಬ್ಬರಿಗೆ ಒಂದು ಸ್ಟ್ಯಾಂಡ್, ಅದರ ಮೇಲೆ ಇಬ್ಬರಿಗೂ ಸೇರಿ ಒಂದೇ ಸ್ವರದ ಹಾಳೆ. ಅವಳು ಕೊನೆಯ ಸ್ಟ್ಯಾಂಡಿನಲ್ಲಿ ಕೂತು ಶುರು ಮಾಡಿದವಳು. ಮುಂದಿನವರು ಒಬ್ಬೊಬ್ಬರಾಗಿ ನಿವೃತ್ತರಾದಂತೆ ಕುರ್ಚಿ ಕುರ್ಚಿ ದಾಟಿಕೊಂಡು ಮೂರನೇ ಸ್ಟ್ಯಾಂಡಿಗೆ ಬಂದಿದ್ದಳು. ಅಲ್ಲಿಗೆ ಬರಲು ಹಿಡಿದದ್ದು ಹತ್ತೊಂಬತ್ತು ವರ್ಷ. ನಮ್ಮ ನಿಮ್ಮ ಕಚೇರಿಗಳಲ್ಲಿ ಇಷ್ಟು ಹೊತ್ತಿಗೆ ಮ್ಯಾನೇಜರ್ ಆಗಿ, ಕೂಗಾಡಿ, ರಕ್ತದೊತ್ತಡ ಬರಿಸಿಕೊಂಡು ಮನೆಗೂ ಹೋಗಿರುತ್ತಿದ್ದರು. ಅವಳಿಗೆ ಆ ಮೂರನೇ ಸ್ಟ್ಯಾಂಡಿನ, ಸಭಿಕರ ಕಡೆಗಿನ ಹೊರ ಕುರ್ಚಿಯೇ ಸಾಕಾಗಿತ್ತು. ಅದಕ್ಕಿಂತ ಹೆಚ್ಚಿನದನ್ನು ಅವಳು ಯಾವತ್ತೂ ಬಯಸಿರಲಿಲ್ಲ, ಅದು ಹೋದರೆ ಏನು ಎಂಬುದನ್ನು ಯೋಚಿಸುವ ಧೈರ್ಯವನ್ನೂ ಮಾಡಿರಲಿಲ್ಲ.

ಭಯ ಅವಳಿಗೆ ಹೊಸತಲ್ಲ. ಚಿಕ್ಕವಳಿದ್ದಾಗ ಪಾಠ ಹೇಳಿಕೊಟ್ಟ ಗುರುಗಳು ಹೊಡೆಯುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಅಪಸ್ವರ ಬಂದರೆ ಕುರ್ಚಿ ತಿರುಗಿಸಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದರು. ಆ ಬೆನ್ನನ್ನು ನೋಡಿದರೆ ಹುಡುಗಿಗೆ ಕೈಕಾಲು ತಣ್ಣಗಾಗುತ್ತಿತ್ತು. ದರ್ಜಿಯಾಗಿದ್ದ ಅಪ್ಪ ವರ್ಷಕ್ಕೊಮ್ಮೆ ಟೇಪು ಹಿಡಿದು ಅವಳ ತೋಳು ಅಳೆದು, “ಎರಡು ಇಂಚು ಬೆಳೆದಿದ್ದಾಳೆ, ಇನ್ನು ದೊಡ್ಡ ಪಿಟೀಲು ಬೇಕು,” ಎಂದು ಹಿಗ್ಗುವಾಗ, ತೋಳು ಬೆಳೆದಂತೆ ಹೆದರಿಕೆಯೂ ಬೆಳೆದದ್ದು ಯಾವ ಟೇಪಿಗೂ ಸಿಗಲಿಲ್ಲ. ಕೆಲಸಕ್ಕೆ ಸೇರಿದ ಮೇಲೂ ಅಷ್ಟೇ. ಸಂಗೀತ ಕಛೇರಿಯ ದಿನ ಮಧ್ಯಾಹ್ನದಿಂದ ಅನ್ನ ಇಳಿಯದು. ಮೂರು ಸಲ ಬಚ್ಚಲಿಗೆ ಹೋಗಬೇಕು. ಕಮಾನಿಗೆ ರಾಳ ಹಚ್ಚಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಬೇಕು. ಮೊದಲ ಸ್ವರ ಹೊರಟ ಮೇಲೆ ಎಲ್ಲ ಸರಿಹೋಗುತ್ತಿತ್ತು. ಆ ಹಳೆಯ ಭಯ ಖಾಯಂ ನೆಂಟನಂತೆ, ಬರುವ ಹೊತ್ತೂ ಗೊತ್ತು, ಎದ್ದು ಹೋಗುವ ಹೊತ್ತೂ ಗೊತ್ತು.

ಹೊಸ ಭಯ ಬಂದದ್ದು ಎರಡು ವರ್ಷದ ಹಿಂದೆ, ಒಂದು ಮಂಗಳವಾರ, ತಾಲೀಮಿನ ನಡುವೆ.

ಪಿಟೀಲಿನವರು ಎಡಗೈಯ ಹೆಬ್ಬೆರಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತೋರುಬೆರಳು ಒಂದು, ಅಲ್ಲಿಂದ ಎಣಿಸಿದರೆ ಕಿರುಬೆರಳು ನಾಲ್ಕು. ಆ ದಿನ ಒಂದು ಮೇಲಿನ ಸ್ವರಕ್ಕೆ ಅವಳು ನಾಲ್ಕನೇ ಬೆರಳನ್ನು ಚಾಚಿದಳು. ಅದು ಚಾಚಲಿಲ್ಲ. ಯಾರೋ ಒಳಗಿನಿಂದ ದಾರ ಎಳೆದ ಹಾಗೆ ಅಂಗೈಯೊಳಕ್ಕೆ ಮಡಿಚಿಕೊಂಡಿತು. ನೋವಿಲ್ಲ, ಉರಿಯಿಲ್ಲ, ಸುಮ್ಮನೆ ಒಲ್ಲೆನೆಂದಿತು. ಅವಳು ಆ ಸ್ವರವನ್ನು ಬಿಟ್ಟು ಮುಂದೆ ನುಡಿಸಿದಳು. ಉಳಿದ ಹದಿನೈದು ಪಿಟೀಲುಗಳ ನಡುವೆ ಒಂದರ ಮೌನ ಯಾರಿಗೂ ತಿಳಿಯಲಿಲ್ಲ. ಆದರೆ ಅವಳ ಬೆನ್ನಿಗೆ ಅಂಟಿದ ರವಿಕೆ ಬೆವರಿನಿಂದ ಒದ್ದೆಯಾಗಿತ್ತು.

ವಿಚಿತ್ರವೆಂದರೆ ಆ ಬೆರಳಿಗೆ ಬೇರೆ ಯಾವ ಕೆಲಸದಲ್ಲೂ ತಕರಾರಿರಲಿಲ್ಲ. ಗುಂಡಿ ಹಾಕುತ್ತಿತ್ತು, ಬಟ್ಟೆ ಹಿಂಡುತ್ತಿತ್ತು, ಬಸ್ಸಿನ ಕಂಬಿಯ ಮೇಲೆ ತಟ್ಟಿ ನೋಡಿದರೆ ಕುಣಿಯುತ್ತಿತ್ತು. ಊರ ಮುಂದೆಲ್ಲ ಸಭ್ಯಸ್ಥನಾಗಿದ್ದು ಅತ್ತೆ ಮನೆಗೆ ಬಂದಾಗ ಮಾತ್ರ ಮುಖ ಊದಿಸಿಕೊಳ್ಳುವ ಅಳಿಯನ ಹಾಗೆ, ಪಿಟೀಲಿನ ಕುತ್ತಿಗೆ ಮುಟ್ಟಿದರೆ ಸಾಕು, ಮುದುಡಿಕೊಳ್ಳುತ್ತಿತ್ತು. ಅವಳು ಊರಿನ ಆಚೆ ತುದಿಯ, ಯಾರ ಪರಿಚಯವೂ ಇಲ್ಲದ ಡಾಕ್ಟರನ್ನು ಹುಡುಕಿಕೊಂಡು ಹೋದಳು. ಆತ ಬೆರಳನ್ನು ಬಗ್ಗಿಸಿ, ಎಳೆದು, ಸೂಜಿ ಚುಚ್ಚಿ ನೋಡಿ, “ನರಕ್ಕೆ ಏನೂ ಆಗಿಲ್ಲ,” ಎಂದ. “ಒಂದೇ ಕೆಲಸ ಲಕ್ಷಾಂತರ ಸಲ ಮಾಡಿದವರಿಗೆ ಹೀಗಾಗೋದುಂಟು. ಮೆದುಳು ಆ ಬೆರಳಿನ ದಾರೀನೇ ಮರೆತುಬಿಡುತ್ತೆ. ಬಲವಂತ ಮಾಡಿದಷ್ಟೂ ಹಟ ಮಾಡುತ್ತೆ. ನುಡಿಸೋದು ನಿಲ್ಲಿಸಿಬಿಡಿ.”

“ಎಷ್ಟು ದಿನ?”

ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಳ್ಳಲು ಶುರು ಮಾಡಿದ.

ಮನೆಯಲ್ಲಿ ಹೇಳಲಿಲ್ಲ. ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದ ಗಂಡ ಒಳ್ಳೆಯವನು, ಆದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲದು. ಅವನಿಗೆ ಹೇಳುವುದೂ ಒಂದೇ, ಭವನದ ಬಾಗಿಲಿಗೆ ನೋಟಿಸು ಅಂಟಿಸುವುದೂ ಒಂದೇ. ಹೊರಊರಿನ ಒಂದು ಸಣ್ಣ ವೃಂದದಲ್ಲಿ ಪಿಟೀಲು ನುಡಿಸುತ್ತಿದ್ದ ಮಗಳಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಹೇಳದಿದ್ದರೆ ಬೆರಳು ನಾಳೆ ಬೆಳಗ್ಗೆ ತಾನಾಗಿಯೇ ಬುದ್ಧಿ ಕಲಿತೀತು ಎಂಬ ಆಸೆ. ಎರಡು ವರ್ಷ ಅವಳು ಪ್ರತಿ ಬೆಳಗ್ಗೆ ಆ ಆಸೆಯಿಂದ ಪೆಟ್ಟಿಗೆ ತೆರೆದಳು, ಪ್ರತಿ ಬೆಳಗ್ಗೆಯೂ ಬೆರಳು ಮಡಿಚಿಕೊಂಡಿತು.

ಹಾಗಾದರೆ ನುಡಿಸಿದ್ದು ಹೇಗೆ? ಮೂರು ಬೆರಳಿನಲ್ಲಿ. ನಾಲ್ಕು ಬರಬೇಕಾದ ಕಡೆಯಲ್ಲೆಲ್ಲ ಇಡೀ ಕೈಯನ್ನು ಮೇಲಕ್ಕೆ ಜಾರಿಸಿ ಮೂರನೇ ಬೆರಳಿಂದ ಆ ಸ್ವರವನ್ನು ಹಿಡಿಯುವುದು. ಹೇಳುವುದು ಸುಲಭ. ಒಂದು ಸಂಜೆಯ ಕಛೇರಿಯಲ್ಲಿ ಸಾವಿರಾರು ಸ್ವರ, ಅದರಲ್ಲಿ ನೂರಾರು ನಾಲ್ಕು. ಒಂದೊಂದಕ್ಕೂ ಮುಂಚೆಯೇ ಒಳದಾರಿ ಹುಡುಕಿಟ್ಟುಕೊಳ್ಳಬೇಕು. ಬೇರೆಯವರು ವಾರದಲ್ಲಿ ಕಲಿಯುವ ಕೃತಿಗೆ ಅವಳು ತಿಂಗಳು ಕೂತಳು. ಕೈ ಜಾರುವಾಗ ಆ ಸ್ವರಕ್ಕೆ ಹೋಗುವ ಹಾದಿಯಲ್ಲಿ ಕೂದಲೆಳೆಯಷ್ಟು ದನಿ ಎಳೆದಂತಾಗುತ್ತಿತ್ತು, ನಿಟ್ಟುಸಿರಿನ ಹಾಗೆ. ಹದಿನಾರರ ಗುಂಪಿನಲ್ಲಿ ಅದು ಯಾರ ಕಿವಿಗೂ ಬೀಳದು. ಬಿದ್ದರೆ? ಮುಂದಿನ ಕುರ್ಚಿಯ ತಲೆ ಸ್ವಲ್ಪ ತಿರುಗಿದರೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಹದಿನೈದು ಜನರ ಕಿವಿ ತಪ್ಪಿಸಿದಳು, ಒಬ್ಬರ ಕಣ್ಣು ತಪ್ಪಿಸಲಾಗಲಿಲ್ಲ. ಅದೂ ಪಿಟೀಲನ್ನು ಮುಟ್ಟಿಯೂ ಗೊತ್ತಿಲ್ಲದವರ ಕಣ್ಣು.

ಭವನದ ನೆಲಮಾಳಿಗೆಯಲ್ಲಿ ಸ್ವರದ ಹಾಳೆಗಳನ್ನು ಕಾಯುವ ಒಬ್ಬ ಮುದುಕರಿದ್ದರು. ಎಲ್ಲರೂ ಅವರನ್ನು ಹಾಳೆಯಜ್ಜ ಎನ್ನುತ್ತಿದ್ದರು. ಬಾಡಿಗೆಗೆ ತಂದ ಹಾಳೆಗಳನ್ನು ಹಿಂದಿರುಗಿಸುವ ಮೊದಲು ವಾದಕರು ಪೆನ್ಸಿಲಿನಲ್ಲಿ ಗೀಚಿದ ಗುರುತುಗಳನ್ನೆಲ್ಲ ಅಳಿಸುವುದು ಅವರ ಕೆಲಸ. ಅದಕ್ಕೂ ಒಂದು ಶಿಸ್ತಿತ್ತು. ಸ್ಟ್ಯಾಂಡಿನ ಹೊರಗಡೆ ಕೂರುವವರು ಯಾವ ಸ್ವರಕ್ಕೆ ಯಾವ ಬೆರಳು ಎಂಬುದನ್ನು ಸಾಲಿನ ಮೇಲೆ ಬರೆದುಕೊಳ್ಳಬೇಕು, ಒಳಗಡೆಯವರು ಸಾಲಿನ ಕೆಳಗೆ. ಇಬ್ಬರಿಗೂ ಜಗಳವಿಲ್ಲ. ಅಜ್ಜ ಮೂವತ್ತು ವರ್ಷ ಮೇಲಿನ ಅಂಕಿ, ಕೆಳಗಿನ ಅಂಕಿ ಅಳಿಸುತ್ತ ಯಾರಿಗೆ ಯಾವ ಬೆರಳು ಪ್ರೀತಿ, ಯಾರಿಗೆ ಯಾವ ಜಾಗದಲ್ಲಿ ನಡುಕ ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡುಬಿಟ್ಟಿದ್ದರು.

ಒಂದು ದಿನ ಅವಳು ಹಾಳೆ ಒಪ್ಪಿಸಲು ಕೆಳಗಿಳಿದಾಗ ಅಜ್ಜ ರಬ್ಬರಿನ ಪುಡಿ ಊದುತ್ತ, ತಲೆ ಎತ್ತದೆ ಹೇಳಿದರು. “ಅಲ್ಲಮ್ಮಾ, ಒಂದು ವರ್ಷದಿಂದ ನೋಡ್ತಿದ್ದೀನಿ. ಮೂರನೇ ಸ್ಟ್ಯಾಂಡಿನ ಮೇಲಿನ ಸಾಲಲ್ಲಿ ನಾಲ್ಕು ಅನ್ನೋ ಅಂಕೀನೇ ಇಲ್ಲ. ಅಳಿಸೋಕೆ ನನಗೆ ಕೆಲಸ ಕಮ್ಮಿ, ಒಳ್ಳೇದೇ. ಆದರೆ ಏನು ಸಮಾಚಾರ?”

“ನಾಲ್ಕನೇ ಬೆರಳಿನ ದನಿ ನನಗೆ ಹಿಡಿಸಲ್ಲ ಅಜ್ಜಾ, ತೆಳು,” ಎಂದು ನಕ್ಕಳು. ನಗು ತುಟಿಯ ತುದಿಯಲ್ಲೇ ಒಣಗಿತು.

“ಹಿಡಿಸಲ್ಲ ಅಂದ್ರೆ ಸರಿ,” ಎಂದರು ಅಜ್ಜ. ಅವರು ಮತ್ತೆ ಕೇಳಲಿಲ್ಲ. ಕೇಳದೆ ಬಿಟ್ಟದ್ದೇ ಅವಳನ್ನು ಇನ್ನಷ್ಟು ಹೆದರಿಸಿತು. ಮಾರನೆಯ ದಿನದಿಂದ ಅವಳು ಹಾಳೆಗಳ ಮೇಲೆ ಅಲ್ಲಲ್ಲಿ ನಾಲ್ಕು ಬರೆಯತೊಡಗಿದಳು. ಬರೆಯುವುದು ನಾಲ್ಕು, ನುಡಿಸುವುದು ಮೂರು. ನುಡಿಸುವಾಗ ತನ್ನದೇ ಸುಳ್ಳು ಅಂಕಿಯನ್ನು ಕಂಡು ಕೈ ಒಂದು ಕ್ಷಣ ತಡವರಿಸುತ್ತಿತ್ತು. ಕಳ್ಳ ತನ್ನ ಮನೆಯ ಬಾಗಿಲನ್ನೇ ಒಡೆದ ಹಾಗಿತ್ತು ಅವಳ ಪಾಡು. ಮನೆಯಲ್ಲಿ ಅಭ್ಯಾಸಕ್ಕೆಂದು ಇಟ್ಟುಕೊಂಡಿದ್ದ ಸ್ವಂತ ಪುಸ್ತಕಗಳಲ್ಲಿ ಮಾತ್ರ ನಿಜವಾದ ಬೆರಳುಗಳನ್ನೇ ಬರೆದಿಟ್ಟಿದ್ದಳು.

ಆ ಪುಸ್ತಕಗಳು ಮಗಳ ಕೈಗೆ ಸಿಕ್ಕವು.

ಮಗಳು ರಜೆಗೆ ಬಂದಿದ್ದಳು. ಇಪ್ಪತ್ತಾರು ವರ್ಷ, ಅಮ್ಮನಿಗಿಂತ ಗಟ್ಟಿ ಕೈ, ಅಮ್ಮನಿಗಿಂತ ಗಟ್ಟಿ ಹಟ. ಐದು ವರ್ಷದವಳಿದ್ದಾಗಲೇ ಅವಳ ನಾಲ್ಕನೇ ಬೆರಳು ಸುತ್ತಿಗೆಯಂತೆ ಬೀಳುತ್ತಿದ್ದುದನ್ನು ಕಂಡು ಪಿಟೀಲಕ್ಕ ಹೆಮ್ಮೆಯಿಂದ ಅದಕ್ಕೆ ಮುತ್ತು ಕೊಟ್ಟಿದ್ದಳು. ಆ ರಜೆಯಲ್ಲಿ ಮಗಳು ಕಪಾಟಿನ ಮುಂದೆ ನೆಲದ ಮೇಲೆ ಕೂತು ಒಂದೊಂದೇ ಪುಸ್ತಕ ತಿರುವಿದಳು, ಪಿಟೀಲು ಎತ್ತಿಕೊಂಡು ಅಮ್ಮ ಬರೆದ ಬೆರಳಿನಲ್ಲೇ ನುಡಿಸಿ ನೋಡಿದಳು. ಅವಳ ಕಣ್ಣು ಅರಳಿತು.

“ಅಮ್ಮಾ, ಈ ಜಾರು ಎಲ್ಲಿಂದ ಬಂತು ನಿನಗೆ? ಎಲ್ಲರೂ ದಡಕ್ಕಂತ ಬೆರಳು ಇಟ್ಟುಬಿಡೋ ಕಡೆ ನೀನು ಹೀಗೆ ಉಸಿರು ಬಿಟ್ಟು ಹೋಗ್ತೀಯಲ್ಲ! ಎಷ್ಟು ಚೆನ್ನಾಗಿದೆ. ನಾನೂ ಹೀಗೇ ಹಾಕ್ಕೋತೀನಿ. ಎಲ್ಲಾ ಜೆರಾಕ್ಸ್ ಮಾಡಿಸ್ಕೊಂಡು ಹೋಗ್ಲಾ?”

ಅಲ್ಲಿ ಅವಳು ಬಾಯಿಬಿಡಬೇಕಿತ್ತು. ಬೇಡ ಮಗಾ, ಅದು ಜಾರಲ್ಲ, ನನ್ನ ಕುಂಟು, ಎಂದು ಹೇಳಬೇಕಿತ್ತು. ಅವಳು ಪಾತ್ರೆ ಒರೆಸುವುದನ್ನು ಮುಂದುವರಿಸಿದಳು. ಹೇಳಹೊರಟರೆ ಎಲ್ಲಿಂದ ಶುರು ಮಾಡುವುದು, ಎಲ್ಲಿಗೆ ನಿಲ್ಲಿಸುವುದು? “ಮಾಡಿಸ್ಕೋ,” ಎಂದಳು. ಜೊತೆಗೆ, ಮಾತು ತಿರುಗಿಸಲು, ತಾನು ಸದಾ ಹೇಳುತ್ತಿದ್ದುದನ್ನೇ ಹೇಳಿದಳು: “ನಮ್ಮ ವೃಂದಕ್ಕೆ ಮಾತ್ರ ಅರ್ಜಿ ಹಾಕಬೇಡ. ದಿನಾ ಹೆದರಿ ಸಾಯೋ ಕೆಲಸ ಅದು. ನಿನ್ನ ಸಣ್ಣ ವೃಂದವೇ ವಾಸಿ.”

“ಆಯ್ತು ಬಿಡು,” ಎಂದಳು ಮಗಳು, ಹಾಳೆಯಿಂದ ಕಣ್ಣು ತೆಗೆಯದೆ.

ಅದಾದ ಎಂಟು ತಿಂಗಳಿಗೆ ವೃಂದದಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಆಯ್ಕೆಯ ದಿನ ಬೆಳಗ್ಗೆ ಅವಳಿಗೆ ಫೋನು ಬಂತು. ಏಳು ಜನ ತೀರ್ಪುಗಾರರಲ್ಲಿ ಒಬ್ಬರಿಗೆ ಹಲ್ಲುನೋವು, ಕೆನ್ನೆ ಊದಿಕೊಂಡು ಏಳಲಾರರು, ನೀವು ಬಂದು ಕೂರಬೇಕು. ಒಲ್ಲೆ ಎನ್ನಲು ನೆಪ ಸಿಗಲಿಲ್ಲ. ನೆಪ ಹೇಳಿದರೆ ಅನುಮಾನ ಬಂದೀತು ಎಂಬ ಹೆದರಿಕೆ ಬೇರೆ. ಅವಳು ಈಚೀಚೆಗೆ ಕಾರಣವಿಲ್ಲದೆಯೂ ಎಲ್ಲದಕ್ಕೂ ಹೂಂ ಎನ್ನುವ ಸ್ಥಿತಿಗೆ ಬಂದಿದ್ದಳು.

ಭವನದ ವೇದಿಕೆಗೆ ಅಡ್ಡಲಾಗಿ ಕಪ್ಪು ಪರದೆ ಇಳಿಬಿಟ್ಟಿದ್ದರು. ಅದರ ಹಿಂದೆ ಅಭ್ಯರ್ಥಿಗಳು ಹಿಂಬಾಗಿಲಿನಿಂದ ಒಬ್ಬೊಬ್ಬರೇ ಬಂದು ನುಡಿಸಿ ಹೋಗಬೇಕು. ಚಪ್ಪಲಿಯ ಸದ್ದಿನಿಂದ ಹೆಂಗಸೋ ಗಂಡಸೋ ತಿಳಿಯದಿರಲೆಂದು ದಪ್ಪ ಜಮಖಾನ. ಹೆಸರಿಲ್ಲ, ಬರೀ ನಂಬರು. ಅಭ್ಯರ್ಥಿ ಮಾತಾಡುವಂತಿಲ್ಲ, ಏನಿದ್ದರೂ ಪಕ್ಕದಲ್ಲಿ ನಿಂತ ಸಹಾಯಕಿ ಹೇಳಬೇಕು. ತೀರ್ಪುಗಾರರಿಗೂ ಒಂದು ನಿಯಮ: ಒಳಗಿರುವವರು ಯಾರೆಂದು ಗುರುತು ಹತ್ತಿದರೆ ಪೆನ್ಸಿಲು ಕೆಳಗಿಟ್ಟು ಎದ್ದು ಹೊರಗೆ ಹೋಗಿಬಿಡಬೇಕು. ಕಾರಣ ಹೇಳಬೇಕಿಲ್ಲ, ಹೇಳಲೂಬಾರದು. ತಾನು ಸೇರುವಾಗಲೂ ಇದೇ ಪರದೆಯ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದದ್ದು ಅವಳಿಗೆ ನೆನಪಾಯಿತು.

ಆರು ಜನ ನುಡಿಸಿ ಹೋದರು. ಕೊಟ್ಟಿದ್ದ ನಿಧಾನದ ತುಣುಕಿನಲ್ಲಿ ಒಂದು ಕಡೆ ಮೆಲ್ಲನೆಯ ಮೇಲಿನ ಸ್ವರ ಬರುತ್ತದೆ. ಆರೂ ಜನ ಅದಕ್ಕೆ ನಾಲ್ಕನೇ ಬೆರಳನ್ನು ಇಟ್ಟರು. ಯಾರೇ ಆದರೂ ಇಡುವುದು ಅದನ್ನೇ.

ಏಳನೇ ನಂಬರು ಜಾರಿತು.

ಪಿಟೀಲಕ್ಕ ಬರೆಯುತ್ತಿದ್ದ ಪೆನ್ಸಿಲು ನಿಲ್ಲಿಸಿದಳು. ಆ ನಿಟ್ಟುಸಿರು ಅವಳದು. ಅಳತೆ, ಹೊತ್ತು, ತಲುಪುವ ಮುಂಚಿನ ಆ ಸಣ್ಣ ಹಿಂಜರಿಕೆ ಸಮೇತ ಅವಳದೇ. ಎರಡು ವರ್ಷ ಯಾರಿಗೂ ಕೇಳಿಸಬಾರದೆಂದು ಹದಿನಾರು ಪಿಟೀಲುಗಳ ನಡುವೆ ಬಚ್ಚಿಟ್ಟದ್ದು ಈಗ ಖಾಲಿ ಭವನದಲ್ಲಿ ಒಂಟಿಯಾಗಿ ಕೇಳಿಸುತ್ತಿತ್ತು. ಮೊದಲ ಕ್ಷಣ ಅವಳಿಗೆ ಮಗಳು ನೆನಪಾಗಲಿಲ್ಲ. ಯಾರೋ ತನ್ನ ಗುಟ್ಟನ್ನು ರಟ್ಟು ಮಾಡಲೆಂದೇ ಬಂದಿದ್ದಾರೆ ಎಂದುಕೊಂಡಳು. ಎರಡನೇ ಕ್ಷಣದಲ್ಲಿ ಗೊತ್ತಾಯಿತು. ಅರ್ಜಿ ಹಾಕಬೇಡ ಎಂದಿದ್ದಳಲ್ಲ, ಅದಕ್ಕೇ ಹೇಳದೆ ಹಾಕಿದ್ದಾಳೆ. ಅಮ್ಮ ತೀರ್ಪುಗಾರರಲ್ಲಿ ಇರುವುದಿಲ್ಲ ಎಂದು ವಿಚಾರಿಸಿಕೊಂಡೇ ಬಂದಿರಬೇಕು. ಹಲ್ಲುನೋವಿನ ಸಂಗತಿ ಪಾಪ ಅವಳಿಗೇನು ಗೊತ್ತು.

ವೇಗದ ತುಣುಕೂ ಮುಗಿಯಿತು. ಅದರಲ್ಲೂ ಒಂದೇ ಒಂದು ನಾಲ್ಕಿಲ್ಲ. ಎಲ್ಲ ಕಡೆಯೂ ಅಮ್ಮನ ಒಳದಾರಿ. ಗಟ್ಟಿಮುಟ್ಟಾದ ಬೆರಳೊಂದನ್ನು ಮಗಳು ಪ್ರೀತಿಯಿಂದ ಮಡಿಚಿಟ್ಟುಕೊಂಡಿದ್ದಳು.

ವೃಂದದ ಮೊದಲ ಕುರ್ಚಿಯವರು ತೀರ್ಪುಗಾರರ ಮುಖ್ಯಸ್ಥರು. ತೆಳ್ಳಗಿನ ಮನುಷ್ಯ, ಕಿವಿ ಎಂದರೆ ಕಿವಿ. ಅವರು ಪಕ್ಕಕ್ಕೆ ಬಾಗಿ ಮೆಲುದನಿಯಲ್ಲಿ ಹೇಳಿದರು. “ಸಂಗೀತ ಇದೆ. ಇಲ್ಲಿಯವರೆಗೆ ಬಂದವರಲ್ಲೆಲ್ಲ ಹೆಚ್ಚು ಇದೆ. ಆದರೆ ಗಮನಿಸಿದ್ರಾ, ನಾಲ್ಕನೇ ಬೆರಳು ಸತ್ತಿದೆ. ಜಾಣತನದಿಂದ ಮುಚ್ಚಿಡ್ತಿದ್ದಾರೆ. ಇಂಥ ಕೈ ಹೆಚ್ಚು ವರ್ಷ ಬಾಳಲ್ಲ. ನಾವು ತಗೊಂಡು ಏನು ಮಾಡೋದು?” ಮಿಕ್ಕವರು ಹೌದೆನ್ನುವಂತೆ ತಲೆಯಾಡಿಸಿದರು. ಪೆನ್ಸಿಲುಗಳು ಹಾಳೆಯ ಕಡೆ ಬಾಗಿದವು.

ಪಿಟೀಲಕ್ಕ ಎಡಗೈಯನ್ನು ಮೇಜಿನ ಕೆಳಗೆ ತೊಡೆಯ ನಡುವೆ ಅದುಮಿಕೊಂಡು ಕೂತಿದ್ದಳು. ಅವಳ ಮುಂದೆ ಬಾಗಿಲು ತೆರೆದೇ ಇತ್ತು. ನಿಯಮವೇ ತೆರೆದಿಟ್ಟಿತ್ತು. ಪೆನ್ಸಿಲು ಇಟ್ಟು ಎದ್ದು ಹೋದರೆ ಮುಗಿಯಿತು. ಯಾರೂ ಏನೂ ಕೇಳುವಂತಿಲ್ಲ. ಮಗಳು ಆಯ್ಕೆಯಾಗುವುದಿಲ್ಲ, ಅಷ್ಟೇ. ಬರಬೇಡವೆಂದು ತಾನೇ ಹೇಳಿದ್ದಳಲ್ಲ? ಹೋಗಲಿ, ಸಣ್ಣ ವೃಂದದಲ್ಲೇ ಸುಖವಾಗಿರಲಿ. ತನ್ನ ಕುರ್ಚಿಯೂ ಉಳಿಯುತ್ತದೆ. ನಿವೃತ್ತಿಗೆ ಇನ್ನು ಹನ್ನೊಂದು ವರ್ಷ. ಹನ್ನೊಂದು ವರ್ಷ ಜೀವ ಕೈಯಲ್ಲಿ ಹಿಡಿದುಕೊಂಡು ಒಳದಾರಿಗಳಲ್ಲಿ ಓಡಾಡಿದರಾಯಿತು. ಇಷ್ಟೆಲ್ಲ ಅವಳು ನಿಜವಾಗಿಯೂ ಯೋಚಿಸಿದಳು. ಅವಳ ಪರವಾಗಿ ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಪೆನ್ಸಿಲನ್ನು ಕೆಳಗೂ ಇಟ್ಟಳು, ಎದ್ದೂ ನಿಂತಳು.

ಆದರೆ ಸತ್ತಿದೆ ಎಂಬ ಮಾತು ಅವಳನ್ನು ಹೋಗಗೊಡಲಿಲ್ಲ. ತಾನು ಮುತ್ತು ಕೊಟ್ಟ ಬೆರಳು ಅದು.

“ಆ ಬೆರಳು ಸತ್ತಿಲ್ಲ,” ಎಂದಳು.

ಆರು ತಲೆಗಳು ತಿರುಗಿದವು. ಮೊದಲ ಕುರ್ಚಿಯವರು ಹುಬ್ಬು ಗಂಟಿಕ್ಕಿದರು. “ಗುರುತು ಹತ್ತಿದ್ರೆ ಹೊರಗೆ ಹೋಗಬೇಕು. ಮಾತಾಡೋ ಹಾಗಿಲ್ಲ. ನಿಯಮ ಗೊತ್ತಲ್ಲ ನಿಮಗೆ?”

“ಗೊತ್ತು. ಹೋಗ್ತೀನಿ. ಒಳಗಿರೋರು ಯಾರು ಅಂತ ನಾನು ಹೇಳಲ್ಲ. ನನ್ನ ವಿಷಯ ಮಾತ್ರ ಹೇಳ್ತೀನಿ.” ಮೇಜಿನ ತುದಿಯಲ್ಲಿ ಮೊದಲ ಕುರ್ಚಿಯವರ ಪಿಟೀಲಿತ್ತು. ಕೇಳದೆ ಯಾರೂ ಇನ್ನೊಬ್ಬರ ವಾದ್ಯ ಮುಟ್ಟುವುದಿಲ್ಲ. ಅವಳು ಕೇಳದೆ ಎತ್ತಿಕೊಂಡಳು. ಗದ್ದದ ಕೆಳಗಿಟ್ಟು, ಎಡಗೈಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿ, ನಾಲ್ಕನೇ ಬೆರಳನ್ನು ಚಾಚಿದಳು.

ಅದು ಎಂದಿನಂತೆ ಒಳಕ್ಕೆ ಮಡಿಚಿಕೊಂಡಿತು. ಮತ್ತೆ ಚಾಚಿದಳು, ಮತ್ತೆ ಮಡಿಚಿಕೊಂಡಿತು. ಮೂರನೇ ಸಲವೂ ಅದೇ. ಯಾರಿಗೂ ತೋರಿಸದೆ ಎರಡು ವರ್ಷ ಕಾಪಾಡಿದ್ದನ್ನು ಆರು ಜೋಡಿ ಕಣ್ಣುಗಳ ಮುಂದೆ ಮೂರು ಸಲ ಮಾಡಿ ತೋರಿಸಿದಳು.

“ಹೀಗಾಗಿ ಎರಡು ವರ್ಷ ಆಯ್ತು,” ಎಂದಳು.

“ನಿಮ್ಮ ಹಾಳೆ ತುಂಬ ನಾಲ್ಕು ಬರೆದಿರುತ್ತಲ್ಲ?” ಎಂದರು ಮೊದಲ ಕುರ್ಚಿಯವರು. ಅವರ ಮುಖ ಬಿಳಿಚಿತ್ತು.

“ಅವೆಲ್ಲ ಸುಳ್ಳು. ಮೂರು ಬೆರಳಲ್ಲಿ ನುಡಿಸೋ ದಾರೀನ ನಾನು ಮನೇಲಿ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಅದನ್ನ ನೋಡಿ ಇವರು ಕಲಿತಿದ್ದಾರೆ, ಅದೇನೋ ದೊಡ್ಡ ಕಲೆ ಅಂದ್ಕೊಂಡು. ಯಾಕೆ ಹಾಗೆ ಬರೆದೆ ಅಂತ ನಾನು ಹೇಳಲೇ ಇಲ್ಲ. ಆ ಜಾರು ಕಲೆ ಅಲ್ಲ, ನನ್ನ ಹೆದರಿಕೆ. ತಪ್ಪು ನಂದು. ನಾಲ್ಕನೇ ಬೆರಳಲ್ಲಿ ಇನ್ನೊಂದು ಸಲ ನುಡಿಸೋಕೆ ಹೇಳಿ. ಆಮೇಲೆ ಏನು ಬೇಕಾದ್ರೂ ಬರೀರಿ.”

ಪಿಟೀಲನ್ನು ಮೇಜಿನ ಮೇಲೆ ಇಟ್ಟಳು. ಆಗ ಅವಳಿಗೆ ಹೊಳೆಯಿತು. ಈ ಭವನವನ್ನು ಕಟ್ಟಿದವರು ವೇದಿಕೆಯ ಪಿಸುಮಾತೂ ಕೊನೆಯ ಸಾಲಿಗೆ ಕೇಳಲೆಂದು ಕಟ್ಟಿದವರು. ಇಲ್ಲಿ ಆಡಿದ್ದು ಅಲ್ಲಿಗೂ ಕೇಳುತ್ತದೆ. ಹನ್ನೆರಡು ಹೆಜ್ಜೆ ದೂರದಲ್ಲಿ, ಪರದೆಯ ಹಿಂದೆ, ಮಾತಾಡುವ ಹಾಗಿಲ್ಲದ ಒಬ್ಬಳು ಅಮ್ಮನ ದನಿಯನ್ನು ಅಕ್ಷರ ಬಿಡದೆ ಕೇಳಿಸಿಕೊಂಡಿದ್ದಾಳೆ. ಕಪ್ಪು ಬಟ್ಟೆ ಅಲುಗಲಿಲ್ಲ.

ಅವಳು ಸಾಲುಗಳ ನಡುವೆ ನಡೆದು ಹೊರಗೆ ಬಂದಳು. ಬಾಗಿಲು ಹಿಂದೆ ಮೆಲ್ಲಗೆ ಮುಚ್ಚಿಕೊಂಡಿತು, ಪೂರ್ತಿ ಹಾಕಿಕೊಳ್ಳಲಿಲ್ಲ. ಹೊರಗಿನ ಪಡಸಾಲೆಯಲ್ಲಿ ಒಬ್ಬ ಹೆಂಗಸು ನೆಲ ಒರೆಸುತ್ತಿದ್ದಳು. “ಮುಗೀತಾ ಅಕ್ಕಾ? ಒದ್ದೆ ಇದೆ, ನೋಡ್ಕೊಂಡು ಬನ್ನಿ,” ಎಂದಳು. ಪಿಟೀಲಕ್ಕ ಕೈಯಿಂದ ಸುಮ್ಮನಿರು ಎಂದು ಸನ್ನೆ ಮಾಡಿ ಬಾಗಿಲ ಸಂದಿಗೆ ಕಿವಿ ಇಟ್ಟಳು.

ಒಳಗೆ ಗುಜುಗುಜು. ಪುಟ ಮಗುಚಿದ ಸದ್ದು. ಯಾರೋ ಕೆಮ್ಮಿದರು. ಆಮೇಲೆ ಮೊದಲ ಕುರ್ಚಿಯವರ ದನಿ, ಎಂದಿಗಿಂತ ಒರಟಾಗಿ: “ಏಳನೇ ನಂಬರು. ನಿಧಾನದ ತುಣುಕು ಇನ್ನೊಂದು ಸಲ. ಮೇಲಿನ ಸ್ವರಕ್ಕೆ ನಾಲ್ಕನೇ ಬೆರಳು.”

ಪಿಟೀಲು ಶುರುವಾಗಲಿಲ್ಲ.

ಅಷ್ಟು ವರ್ಷಗಳಲ್ಲಿ ಅವಳು ಎಷ್ಟು ಬಗೆಯ ಹೆದರಿಕೆ ಕಂಡಿದ್ದಳು! ಈಗ ಕಾಲಿನಿಂದ ಏರಿ ಬಂದದ್ದರ ಮುಂದೆ ಅವೆಲ್ಲ ಏನೂ ಅಲ್ಲ. ಮಗಳ ಹಟ ಅವಳಿಗೆ ಗೊತ್ತು, ಮಗಳ ಪ್ರೀತಿಯೂ ಗೊತ್ತು. ಅಮ್ಮನ ಮಾನ ಎಲ್ಲರೆದುರು ಹೋದದ್ದನ್ನು ಕೇಳಿದ ಹುಡುಗಿ ರೋಷದಿಂದ ಮತ್ತೆ ಅದೇ ಜಾರನ್ನು ನುಡಿಸಿಬಿಟ್ಟರೆ? ನನ್ನಮ್ಮನದು ಕುಂಟಲ್ಲ, ಹೀಗೇ ನುಡಿಸುವುದು ಎಂದು ತೋರಿಸಲು ಹೊರಟರೆ? ಬೇಡ ಕಣೇ, ಎಂದಳು ಬಾಗಿಲಿಗೆ ಹಣೆ ಒತ್ತಿ. ಬಿಟ್ಟುಬಿಡು. ನನ್ನನ್ನ ಬಿಟ್ಟುಬಿಡು. ನೆಲ ಒರೆಸುವ ಹೆಂಗಸು ಗಾಬರಿಯಾಗಿ ಕೋಲು ಹಿಡಿದೇ ನಿಂತುಬಿಟ್ಟಳು.

ಕಮಾನು ತಂತಿಯನ್ನು ಮುಟ್ಟಿತು. ಮೊದಲ ಸ್ವರಗಳು ಅಲುಗಿದವು. ಅತ್ತವರ ಕೈಯಿಂದ ಬರುವಂಥ ಅಲುಗು. ಒಂದು ಸಾಲು ದಾಟಿತು, ಎರಡನೆಯದು ದಾಟಿತು. ಆ ಜಾಗ ಹತ್ತಿರ ಬಂತು.

ಮೇಲಿನ ಸ್ವರ ನೇರವಾಗಿ ಬಂತು. ಜಾರಲಿಲ್ಲ, ಎಳೆಯಲಿಲ್ಲ, ಹಿಂಜರಿಯಲಿಲ್ಲ. ಗಟ್ಟಿಯಾದ ಒಂದು ಬೆರಳು ತಂತಿಯ ಮೇಲೆ ಬಿದ್ದ ದನಿ ಅದು, ಸ್ವಚ್ಛವಾಗಿ, ನಡುಕವೇ ಇಲ್ಲದೆ. ಮುಂದಿನದಕ್ಕೂ ನಾಲ್ಕು, ಅದರ ಮುಂದಿನದಕ್ಕೂ ನಾಲ್ಕು. ಎಲ್ಲಿ ಕಿವಿಗೊಟ್ಟು ಹುಡುಕಿದರೂ ಆ ನುಡಿಸಾಣಿಕೆಯಲ್ಲಿ ಅಮ್ಮ ಇರಲಿಲ್ಲ.

ಅವಳು ಒದ್ದೆ ನೆಲದ ಮೇಲೆಯೇ ಕುಸಿದು ಕೂತು, ಬಾಯಿಗೆ ಸೆರಗು ಒತ್ತಿಕೊಂಡು, ತುಣುಕು ಮುಗಿಯುವವರೆಗೂ ಕೇಳಿದಳು.